ವಾಟ್ನಿ ಪತ್ರದಲ್ಲಿ ತಾಯಿಯ ಹೆಸರು

ಬೆಳಗಾವಿ ಜಿಲ್ಲೆಯ ಹಳೆಯ ಮನೆತನಗಳ ಕಾಗದಪತ್ರಗಳನ್ನು ಓದುವವರಿಗೆ ‘ಪೋಟಗಿ’ ಎಂಬ ಶಬ್ದ ಪದೇ ಪದೇ ಎದುರಾಗುತ್ತದೆ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಆದ್ದರಿಂದ ವಾಟ್ನಿ, ಉತಾರ, ವಾರಸಾ, ಬಕ್ಷೀಸ ಪತ್ರ, ಮೃತ್ಯುಪತ್ರ ಮುಂತಾದ ಶಬ್ದಗಳೊಡನೆ ಇದೂ ಮರಾಠಿಯ ಮೂಲಕ ನಮ್ಮ ವ್ಯವಹಾರದಲ್ಲಿ ನೆಲೆಗೊಂಡಿತು. ಮರಾಠಿಯಲ್ಲಿ ‘ಪೋಟ’ ಎಂದರೆ ಹೊಟ್ಟೆ. ಹೊಟ್ಟೆಯ ಪಾಡಿಗೆಂದು ಆಸ್ತಿಯಿಂದ ತೆಗೆದಿರಿಸಿದ್ದೇ ಪೋಟಗಿ. ಕಚೇರಿಯ ಕನ್ನಡದಲ್ಲಿ ಅದಕ್ಕೆ ಜೀವನಾಂಶವೆನ್ನುತ್ತಾರೆ.

ನಾವು ಬಾಲ್ಯದಿಂದಲೂ ಮಠದ ಪಾಠಶಾಲೆಯಲ್ಲಿ ಬೆಳೆದವರು. ವ್ಯಾಕರಣ, ಕಾವ್ಯ, ವಚನಶಾಸ್ತ್ರಗಳ ಅಭ್ಯಾಸದ ಜೊತೆಗೆ ಮೋಡಿ ಅಕ್ಷರಗಳನ್ನು ಓದುವ ಕ್ರಮವನ್ನೂ ಮಠದ ವಯೋವೃದ್ಧ ಕಾರಭಾರಿಗಳೊಬ್ಬರು ನಮಗೆ ಕಲಿಸಿಕೊಟ್ಟರು. ಆ ಒಂದು ಕಾರಣದಿಂದ ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದ ಸದ್ಭಕ್ತರು ತಮ್ಮ ಮನೆಯ ಹಳೆಯ ಕಾಗದಗಳನ್ನು ಓದಿಸಿಕೊಳ್ಳಲು ನಮ್ಮಲ್ಲಿಗೆ ಬರುವುದುಂಟು. ಕಾಗದ ಓದಿದ ಮೇಲೆ ಮನೆಯ ಮಾತು ಬರುತ್ತದೆ; ಮನೆಯ ಮಾತು ಬಂದ ಮೇಲೆ ಅಣ್ಣತಮ್ಮಂದಿರ ನಡುವೆ ಕುಳಿತು ನಾಲ್ಕು ಹಿತವಚನ ಹೇಳಬೇಕಾಗುತ್ತದೆ. ನಾವು ವಕೀಲರಲ್ಲ. ಆದರೆ ನಾಲ್ಕು ದಶಕಗಳಿಂದ ಇಂಥ ಕಾಗದಗಳನ್ನು ಓದುತ್ತ ಬಂದಿರುವುದರಿಂದ, ಅವುಗಳಲ್ಲಿ ಯಾವ ಸಾಲು ಇತ್ತು, ಯಾವ ಸಾಲು ಈಗ ಇಲ್ಲವಾಗಿದೆ ಎಂಬುದು ನಮ್ಮ ಕಣ್ಣಿಗೆ ಬಿದ್ದಿದೆ. ಅದನ್ನು ಬಂಧುಗಳ ಮುಂದಿಡುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ನಮ್ಮ ಮನೆಯ ಕಾಗದವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ನಮ್ಮ ತಂದೆ ಮತ್ತು ಅವರ ಸಹೋದರರು ಬೇರೆಯಾದಾಗ ಬರೆದ ವಾಟ್ನಿ ಪತ್ರದಲ್ಲಿ ಹೊಲಗಳ ಚಕ್ಕುಬಂದಿಗಿಂತ ಮೊದಲು ನಮ್ಮ ಅಜ್ಜಿಯ ಹೆಸರಿದೆ. ವರ್ಷಕ್ಕೆ ಇಷ್ಟು ಚೀಲ ಬಿಳಿಜೋಳ, ಇಷ್ಟು ಕಡಲೆ, ಎರಡು ಸೀರೆ, ಒಂದು ಹಿಂಡುವ ಎಮ್ಮೆ, ಪಡಸಾಲೆಯ ಪಕ್ಕದ ಕೋಣೆ, ಲಿಂಗಪೂಜೆಯ ಹೂವಿಗಾಗಿ ಹಿತ್ತಲಿನ ಒಂದು ಮೂಲೆ. ಇವು ಆಕೆಯ ಪೋಟಗಿ. ಆಕೆ ಇರುವವರೆಗೆ ಕೆರೆಯ ಬದಿಯ ಹೊಲವನ್ನು ಯಾರೂ ಮಾರತಕ್ಕದ್ದಲ್ಲ, ಅಡವಿಡತಕ್ಕದ್ದಲ್ಲ ಎಂದೂ ಬರೆದಿದೆ. ಇವೆಲ್ಲ ಮುಗಿದ ಮೇಲೆ ಗಂಡುಮಕ್ಕಳ ಪಾಲುಗಳು ಆರಂಭವಾಗುತ್ತವೆ. ಹಿರಿಯರು ಕಾಗದ ಬರೆಯುವಾಗ ಮೊದಲು ಹಸಿವನ್ನು ನೋಡಿದರು, ಆಮೇಲೆ ಎಕರೆಗಳನ್ನು ಎಣಿಸಿದರು. ಅವರು ಮಕ್ಕಳನ್ನು ಸಂಶಯದಿಂದ ನೋಡಿದರೆಂದು ಇದರ ಅರ್ಥವಲ್ಲ. ಮುಪ್ಪಿನ ಕಾಲದಲ್ಲಿ ತಾಯಿ ಕೈಚಾಚಿ ಕೇಳುವಂತಾಗಬಾರದೆಂಬ ವಿವೇಕ ಅವರಿಗಿತ್ತು.

ಹಳೆಯ ಮುಂಬಯಿ ಪ್ರಾಂತದ ಹಿಂದೂ ಕಾನೂನು ಕೂಡ ಈ ವಿಷಯದಲ್ಲಿ ತಾಯಿಯ ಕಡೆಗಿತ್ತು. ಅಣ್ಣತಮ್ಮಂದಿರು ವಾಟ್ನಿಯಾದಾಗ ತಾಯಿಗೂ ಒಬ್ಬ ಮಗನಷ್ಟು ಪಾಲು ಕೊಡಬೇಕೆಂಬುದು ಆ ಸಂಪ್ರದಾಯ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರವೂ, ಮೃತ್ಯುಪತ್ರ ಬರೆಯದೆ ತೀರಿಕೊಂಡವನ ಹೆಂಡತಿ, ಮಕ್ಕಳು ಮತ್ತು ತಾಯಿ ಮೊದಲನೆಯ ವರ್ಗದ ವಾರಸುದಾರರೇ. ಮಗ ತೀರಿಕೊಂಡರೆ ಅವನ ಆಸ್ತಿಯಲ್ಲಿ ವೃದ್ಧ ತಾಯಿಗೂ ಪಾಲುಂಟು. ವಾರಸಾ ದಾಖಲಿಸುವ ಕಾಲಕ್ಕೆ ಎಷ್ಟು ಮನೆಗಳಲ್ಲಿ ಇದನ್ನು ನೆನಪಿಸಿಕೊಳ್ಳುತ್ತಾರೆ?

ಪೋಟಗಿಯ ಸಾಲು ನಮ್ಮ ಕಾಗದಗಳಿಂದ ಏಕೆ ಮರೆಯಾಯಿತು? ನಮಗೆ ತೋಚುವ ಕಾರಣಗಳು ಎರಡು. ಧೂಪದಾಳದ ಆಣೆಕಟ್ಟಿನಿಂದಲೂ ಹಿಡಕಲ್ ಜಲಾಶಯದಿಂದಲೂ ಘಟಪ್ರಭೆಯ ನೀರು ಹರಿದುಬಂದ ಮೇಲೆ ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ಧಾನ್ಯವನ್ನು ಅಳೆದುಕೊಡುವ ಪದ್ಧತಿ ಹೋಗಿ ಕಾರಖಾನೆಯ ಬಿಲ್ಲು ಮಗನ ಬ್ಯಾಂಕಿನ ಖಾತೆಗೆ ಬೀಳುವ ಪದ್ಧತಿ ಬಂದಿತು. ಭೂಮಿಯ ಬೆಲೆ ಏರಿತು. ಎರಡನೆಯದಾಗಿ, ಊರಿನ ಹಿರಿಯರು ಕುಳಿತು ಬರೆಯಿಸುತ್ತಿದ್ದ ಕಾಗದವನ್ನು ಈಗ ಸಿದ್ಧ ನಮೂನೆಯಲ್ಲಿ ಹೆಸರು ತುಂಬಿ ಬರೆಯುತ್ತಾರೆ. ಆ ನಮೂನೆಯಲ್ಲಿ ‘ಪ್ರೀತಿ ವಿಶ್ವಾಸದಿಂದ’ ಎಂಬ ಮಾತಿರುತ್ತದೆ. ಎರಡು ಹೊತ್ತಿನ ರೊಟ್ಟಿಯ ಮಾತು ಇರುವುದಿಲ್ಲ.

ಇದರ ಫಲವೇನೆಂಬುದಕ್ಕೆ ನಾವು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹೆಸರು, ಊರುಗಳನ್ನು ಬಿಟ್ಟು ಹೇಳುತ್ತೇವೆ. ಮೂಡಲಗಿಯ ಸಮೀಪದ ಹಳ್ಳಿಯ ತಾಯಿಯೊಬ್ಬರು ಒಂದು ದಿನ ಸೆರಗಿನಲ್ಲಿ ಕಾಗದ ಸುತ್ತಿಕೊಂಡು ನಮ್ಮಲ್ಲಿಗೆ ಬಂದರು. ಗಂಡ ತೀರಿದ ಮೇಲೆ ತಮ್ಮ ಹೆಸರಿಗೆ ಬಂದಿದ್ದ ನಾಲ್ಕು ಎಕರೆ ನೀರಾವರಿಯನ್ನು ಒಬ್ಬನೇ ಮಗನಿಗೆ ಬಕ್ಷೀಸ ಪತ್ರದಿಂದ ಬರೆದುಕೊಟ್ಟಿದ್ದರು. ಮಗಳು ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿದ್ದಳು. ಎರಡು ವರ್ಷಗಳಲ್ಲಿ ಆ ತಾಯಿಗೆ ಮನೆಯಲ್ಲಿ ನಿಲ್ಲಲು ಸ್ಥಳವಿಲ್ಲವಾಯಿತು. ಈಗ ಆಕೆಯನ್ನು ಸಲಹುತ್ತಿದ್ದವಳು ಹಕ್ಕು ಬಿಟ್ಟುಕೊಟ್ಟ ಅದೇ ಮಗಳು. ‘ಇದರಾಗ ನನ್ನ ಕೂಳಿಂದ ಏನರ ಬರದೈತೇನ್ರಿ?’ ಎಂದು ಕಾಗದವನ್ನು ನಮ್ಮ ಮುಂದೆ ಹರವಿದರು. ನಾವು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆವು. ಏನೂ ಬರೆದಿರಲಿಲ್ಲ. ಕಾನೂನಿನ ದಾರಿಯನ್ನು ತಿಳಿಸಿದಾಗ ಆಕೆ ಅಂದದ್ದು ಒಂದೇ ಮಾತು: ‘ಹಡದ ಮಗನ ಮ್ಯಾಲ ಹ್ಯಾಂಗ ಅರ್ಜಿ ಕೊಡಲಿರೀ?’

ಮಗನನ್ನು ಕರೆಸಿ ಊರ ಹಿರಿಯರೊಡನೆ ಕುಳಿತೆವು. ಅವನು ದುಷ್ಟನೇನಲ್ಲ. ಪಂಪಸೆಟ್ಟಿನ ಸಾಲ, ಮಕ್ಕಳ ಕಾಲೇಜಿನ ವೆಚ್ಚ, ಅತ್ತೆ ಸೊಸೆಯರ ವೈಮನಸ್ಸು ಎಲ್ಲವನ್ನೂ ಹೇಳಿಕೊಂಡನು. ಕೊನೆಗೆ ತಿಂಗಳಿಗೆ ಇಷ್ಟು ಹಣ, ವರ್ಷಕ್ಕೆ ಇಷ್ಟು ಕಾಳು ಕೊಡುವುದಾಗಿಯೂ, ಅದರ ಹೊಣೆ ಆ ಹೊಲದ ಮೇಲಿರುವುದಾಗಿಯೂ ಒಂದು ಪೋಟಗಿ ಕರಾರುಪತ್ರವನ್ನು ಬರೆದು ನೋಂದಣಿ ಮಾಡಿಸಿಕೊಟ್ಟನು. ಹಣ ಬರುತ್ತಿದೆ. ಆದರೆ ತಾಯಿ ಇಂದಿಗೂ ಮಗಳ ಮನೆಯಲ್ಲಿಯೇ ಇದ್ದಾರೆ. ಕಾಗದ ಅನ್ನವನ್ನು ತಂದುಕೊಡಬಲ್ಲದು. ಮುರಿದ ಮನಸ್ಸನ್ನು ಕೂಡಿಸಲಾರದು. ಮನಸ್ಸು ಮುರಿಯುವ ಮೊದಲೇ ಕಾಗದ ಸರಿಯಾಗಿದ್ದರೆ ಎರಡೂ ಉಳಿಯುತ್ತಿದ್ದವೇನೋ.

ಇದು ಒಂದು ಮನೆಯ ಕಥೆಯಷ್ಟೇ ಅಲ್ಲ. 2025ರ ಮಾರ್ಚ್ ತಿಂಗಳಲ್ಲಿ ನಮ್ಮ ರಾಜ್ಯದ ವೈದ್ಯಕೀಯ ಶಿಕ್ಷಣ ಸಚಿವರಾದ ಡಾ. ಶರಣಪ್ರಕಾಶ ಪಾಟೀಲರು ಒಂದು ಸಂಗತಿಯನ್ನು ಬಹಿರಂಗಪಡಿಸಿದರು. ಬೆಳಗಾವಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯೊಂದರಲ್ಲಿಯೇ ಮಕ್ಕಳು ತಂದು ಬಿಟ್ಟುಹೋದ ವೃದ್ಧರ ಪ್ರಕರಣಗಳು 150ಕ್ಕೂ ಹೆಚ್ಚು ಎಂಬುದೇ ಆ ಸಂಗತಿ. ಅಂಥ ಮಕ್ಕಳ ಹೆಸರಿಗೆ ಮಾಡಿದ ಆಸ್ತಿ ವರ್ಗಾವಣೆಯನ್ನೂ ಮೃತ್ಯುಪತ್ರವನ್ನೂ ರದ್ದುಪಡಿಸುವ ಕ್ರಮಕ್ಕೆ ಮುಂದಾಗಬೇಕೆಂದು ಅವರು ಅಧಿಕಾರಿಗಳಿಗೆ ಸೂಚಿಸಿದರು. ದಾಸೋಹವನ್ನು ಧರ್ಮವೆಂದು ಬಗೆದ ಸೀಮೆಯಲ್ಲಿ ಇಂಥ ಸುದ್ದಿಯನ್ನು ಓದುವಾಗ ತಲೆ ತಗ್ಗಿಸಬೇಕಾಗುತ್ತದೆ.

ಆ ಸೂಚನೆಯ ಹಿಂದಿರುವ ಕಾನೂನು 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ. ಅರವತ್ತು ವರ್ಷ ತುಂಬಿದವರು ಇದರ ದೃಷ್ಟಿಯಲ್ಲಿ ಹಿರಿಯ ನಾಗರಿಕರು. ತಮ್ಮ ಗಳಿಕೆಯಿಂದಾಗಲಿ ಆಸ್ತಿಯಿಂದಾಗಲಿ ಬದುಕು ಸಾಗಿಸಲಾರದ ತಂದೆತಾಯಿಗಳು ಮಗ, ಮಗಳು, ವಯಸ್ಕ ಮೊಮ್ಮಕ್ಕಳಿಂದ ಪೋಷಣೆ ಕೇಳಬಹುದು. ಮಕ್ಕಳಿಲ್ಲದ ವೃದ್ಧರು ತಮ್ಮ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ವಾರಸುದಾರರಿಂದ ಕೇಳಬಹುದು. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಗಳೇ ಈ ನ್ಯಾಯಮಂಡಳಿಯ ಮುಖ್ಯಸ್ಥರು. ಅರ್ಜಿಯನ್ನು ತಾವೇ ಕೊಡಬಹುದು. ಕೈಲಾಗದವರು ತಮ್ಮ ಪರವಾಗಿ ಬೇರೊಬ್ಬರಿಗೆ ಅಧಿಕಾರ ಕೊಡಬಹುದು. ನೋಟೀಸು ತಲುಪಿದ 90 ದಿನಗಳೊಳಗೆ ತೀರ್ಮಾನವಾಗಬೇಕೆಂದೂ, ವಿಶೇಷ ಕಾರಣವಿದ್ದರೆ ಮತ್ತೆ 30 ದಿನ ತೆಗೆದುಕೊಳ್ಳಬಹುದೆಂದೂ ಕಾಯಿದೆ ಹೇಳುತ್ತದೆ. ತಿಂಗಳಿಗೆ 10,000 ರೂಪಾಯಿಗಳವರೆಗೆ ಪೋಷಣೆಯ ಹಣವನ್ನು ಗೊತ್ತುಪಡಿಸಬಹುದು. ತೀರ್ಪಿಗೆ ಮೊದಲು ರಾಜಿಗೆ ಅವಕಾಶವಿದೆ. ತೀರ್ಪು ಒಪ್ಪಿಗೆಯಾಗದಿದ್ದರೆ ವೃದ್ಧರು 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಕಚೇರಿಯ ದಾರಿ ಗೊತ್ತಿಲ್ಲದ ವೃದ್ಧರು 14567 ಎಂಬ ಸಹಾಯವಾಣಿಗೆ ದೂರವಾಣಿ ಮಾಡಿದರೆ ಮಾರ್ಗದರ್ಶನ ದೊರೆಯುತ್ತದೆ.

ನಮ್ಮ ವಿಷಯಕ್ಕೆ ಮುಖ್ಯವಾದುದು ಈ ಕಾಯಿದೆಯ 23ನೆಯ ಕಲಮು. ಹಿರಿಯರು ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನಿಂದ ಬಕ್ಷೀಸ ಮುಂತಾದ ರೂಪದಲ್ಲಿ ಆಸ್ತಿಯನ್ನು ವರ್ಗಾಯಿಸಿ, ಪಡೆದವನು ಆ ಷರತ್ತನ್ನು ಪಾಲಿಸದಿದ್ದರೆ, ಆ ವರ್ಗಾವಣೆಯನ್ನು ಮೋಸದಿಂದ ಆದದ್ದೆಂದು ಬಗೆದು ಅನೂರ್ಜಿತಗೊಳಿಸುವಂತೆ ಹಿರಿಯರು ಕೇಳಬಹುದು. ಇಲ್ಲಿ ‘ಷರತ್ತಿನಿಂದ’ ಎಂಬ ಶಬ್ದವನ್ನು ಓದುಗರು ಗಮನಿಸಬೇಕು. ಹರಿಯಾಣದ ತಾಯಿಯೊಬ್ಬರು ಹೆಣ್ಣುಮಕ್ಕಳಿಗೆ ಮಾಡಿಕೊಟ್ಟಿದ್ದ ಹಕ್ಕುಬಿಡುಗಡೆ ಪತ್ರದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಅಂಥ ಷರತ್ತು ಇತ್ತೆಂದು ತೋರಿಸದ ಹೊರತು ಪತ್ರವನ್ನು ರದ್ದು ಮಾಡಲಾಗದು ಎಂಬುದು ಅದರ ಸಾರ. ಮಧ್ಯಪ್ರದೇಶದ ಇನ್ನೊಬ್ಬ ತಾಯಿಯ ಪ್ರಕರಣದಲ್ಲಿ 2025ರ ಜನವರಿ 2ರಂದು ಅದೇ ನ್ಯಾಯಾಲಯವು ಮಗನಿಗೆ ಕೊಟ್ಟಿದ್ದ ದಾನಪತ್ರವನ್ನು ರದ್ದುಗೊಳಿಸಿ, ಆಸ್ತಿಯ ಸ್ವಾಧೀನವನ್ನೂ ತಾಯಿಗೆ ಮರಳಿ ಕೊಡಿಸಿತು. ಈ ಕಾಯಿದೆಯನ್ನು ಹಿರಿಯರ ಹಿತಕ್ಕೆ ಅನುಗುಣವಾಗಿ ಉದಾರವಾಗಿ ಅರ್ಥೈಸಬೇಕೆಂದಿತು. ಅಲ್ಲಿ ತಾಯಿಯನ್ನು ನೋಡಿಕೊಳ್ಳುವ ಮಾತು ದಾನಪತ್ರದಲ್ಲಿತ್ತು. ಮಗನ ವಚನಪತ್ರವೊಂದೂ ನ್ಯಾಯಾಲಯದ ಮುಂದಿತ್ತು. ಎರಡು ತೀರ್ಪುಗಳನ್ನು ಜೊತೆಗಿಟ್ಟು ನೋಡಿದರೆ ಸಾಮಾನ್ಯ ಗೃಹಸ್ಥನಿಗೆ ದೊರೆಯುವ ಪಾಠ ಒಂದೇ. ನಮ್ಮ ಹಿರಿಯರು ಬರೆಯುತ್ತಿದ್ದ ಪೋಟಗಿಯ ಸಾಲನ್ನೇ ಇಂದಿನ ಕಾನೂನೂ ಹುಡುಕುತ್ತದೆ. ಅದು ಇದ್ದರೆ ಕಾನೂನಿನ ಕೈ ಚಾಚುತ್ತದೆ. ಇಲ್ಲದಿದ್ದರೆ ವಾದಕ್ಕೆ ಎಡೆಯಾಗುತ್ತದೆ.

ಅದೇ ಕಲಮಿನಲ್ಲಿ ಇನ್ನೊಂದು ಉಪಕಾರವೂ ಇದೆ. ಆಸ್ತಿಯಿಂದ ಪೋಷಣೆ ಪಡೆಯುವ ಹಕ್ಕು ಹಿರಿಯರಿಗಿದ್ದು ಆ ಆಸ್ತಿ ಕೈಬದಲಾದರೆ, ಈ ಹಕ್ಕಿನ ವಿಷಯ ತಿಳಿದು ಕೊಂಡವನ ಮೇಲೂ, ಪುಕ್ಕಟೆಯಾಗಿ ಪಡೆದವನ ಮೇಲೂ ಅದನ್ನು ಚಲಾಯಿಸಬಹುದು. ತಿಳಿಯದೆ ಬೆಲೆಕೊಟ್ಟು ಕೊಂಡವನ ಮೇಲೆ ಚಲಾಯಿಸಲಾಗದು. ಆದ್ದರಿಂದ ಪೋಟಗಿಯ ಮಾತು ಮನೆಯ ಪೆಟ್ಟಿಗೆಯಲ್ಲಿರುವ ಕಚ್ಚಾ ಕಾಗದದಲ್ಲಿದ್ದರೆ ಸಾಲದು; ಕೊಳ್ಳುವವನ ಕಣ್ಣಿಗೆ ಬೀಳುವಂತೆ ನೋಂದಾಯಿತ ಪತ್ರದಲ್ಲಿರಬೇಕು.

ಇಷ್ಟಕ್ಕೂ ಬದುಕಿರುವಾಗಲೇ ಎಲ್ಲವನ್ನೂ ಬಕ್ಷೀಸ ಕೊಡುವ ಅವಶ್ಯಕತೆ ಏನಿದೆ ಎಂದು ನಾವು ಬಂದವರನ್ನು ಕೇಳುತ್ತೇವೆ. ಬಕ್ಷೀಸ ಪತ್ರ ನೋಂದಣಿಯಾಗಿ ಸ್ವೀಕೃತವಾದೊಡನೆ ಆಸ್ತಿ ಕೈಬಿಡುತ್ತದೆ. ಸುಲಭವಾಗಿ ಹಿಂದಕ್ಕೆ ಬಾರದು. ಮೃತ್ಯುಪತ್ರ ಹಾಗಲ್ಲ. ಬರೆದವರು ಇರುವವರೆಗೆ ಆಸ್ತಿ ಅವರದೇ. ಎಷ್ಟು ಸಲ ಬೇಕಾದರೂ ಅದನ್ನು ತಿದ್ದಬಹುದು, ರದ್ದು ಮಾಡಬಹುದು. ಕೊನೆಯದಾಗಿ ಬರೆದದ್ದೇ ಊರ್ಜಿತ. ಅದಕ್ಕೆ ಮುದ್ರಾಂಕದ ಕಾಗದ ಬೇಕಿಲ್ಲ. ಸ್ವಸ್ಥ ಬುದ್ಧಿಯಿಂದ ಬರೆದು ರುಜು ಮಾಡಿ, ಕನಿಷ್ಠ ಇಬ್ಬರು ಸಾಕ್ಷಿಗಳು ಬರೆದವರ ಸಮ್ಮುಖದಲ್ಲಿ ರುಜು ಹಾಕಿದರೆ ಸಾಕು. ನೋಂದಣಿ ಕಡ್ಡಾಯವಲ್ಲವಾದರೂ ಮಾಡಿಸುವುದು ಲೇಸು. ಗುಪ್ತವಾಗಿರಬೇಕೆನ್ನುವವರು ಮೊಹರು ಮಾಡಿದ ಲಕ್ಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ಇಡಬಹುದು. ಸಾಕ್ಷಿಗಳು ಆಸ್ತಿ ಪಡೆಯುವವರಾಗಿರದೆ, ಬರೆದವರಿಗಿಂತ ಕಿರಿಯರಾಗಿದ್ದರೆ ಒಳ್ಳೆಯದು. ವಯಸ್ಸು ಬಹಳವಾಗಿದ್ದರೆ ವೈದ್ಯರ ಪ್ರಮಾಣಪತ್ರವೊಂದನ್ನು ಜೊತೆಗಿಡಬೇಕು. ಪಿತ್ರಾರ್ಜಿತ ಆಸ್ತಿಯಾದರೆ ಅದರಲ್ಲಿ ತಮ್ಮ ಪಾಲಿನಷ್ಟಕ್ಕೆ ಮಾತ್ರ ಮೃತ್ಯುಪತ್ರ ಬರೆಯಬಹುದೆಂಬುದನ್ನು ಮರೆಯಬಾರದು. ಬ್ಯಾಂಕಿನ ಠೇವಣಿಗೆ ಹಿರಿಯ ಮಗನನ್ನು ನಾಮನಿರ್ದೇಶನ ಮಾಡಿದ್ದೇವೆ, ಹಣ ಅವನದಾಯಿತು ಎಂದು ಹಲವರು ತಿಳಿದಿದ್ದಾರೆ. ನಾಮನಿರ್ದೇಶಿತನು ಹಣವನ್ನು ಎತ್ತಿಕೊಳ್ಳುವ ಕೈ. ಒಡೆತನ ವಾರಸುದಾರರದು ಅಥವಾ ಮೃತ್ಯುಪತ್ರದಲ್ಲಿ ಹೇಳಿದವರದು.

ಇಂಥ ಕಾಗದವನ್ನು ಕೈಕಾಲು ಗಟ್ಟಿಯಿರುವಾಗಲೇ ಬರೆಯಬೇಕು. ನಮ್ಮ ಜಿಲ್ಲೆಯ ಇತಿಹಾಸದಲ್ಲಿಯೇ ಎರಡು ನಿದರ್ಶನಗಳಿವೆ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜನು ಅವಸಾನಕಾಲದಲ್ಲಿ ದತ್ತಕ ಸ್ವೀಕರಿಸಿದನು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಮಾನ್ಯ ಮಾಡಲಿಲ್ಲ. ರಾಜ್ಯವನ್ನು ನುಂಗುವ ಕಂಪನಿಯ ದುರಾಸೆಯೇ ಅದಕ್ಕೆ ಮೂಲ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊನೆಗಳಿಗೆಯ ಕಾರ್ಯವೆಂಬ ನೆಪ ಅವರ ಕೈಗೆ ಸಿಕ್ಕಿತು. ಮುಂದೆ ಅಕ್ಟೋಬರ್ 23ರ ಯುದ್ಧ, ರಾಣಿ ಚೆನ್ನಮ್ಮಳ ಸೆರೆವಾಸ ಎಲ್ಲರಿಗೂ ತಿಳಿದ ಸಂಗತಿಗಳು. ಇನ್ನೊಂದು ನಿದರ್ಶನ ಶಿರಸಂಗಿಯ ತ್ಯಾಗವೀರ ಲಿಂಗರಾಜರದು. ಸ್ವತಃ ದತ್ತಕವಾಗಿ ಬಂದು, ಆ ಸಂಬಂಧದ ವ್ಯಾಜ್ಯಗಳನ್ನು ಉಂಡವರು ಅವರು. 1904ರಲ್ಲಿ ಧಾರವಾಡದಲ್ಲಿ ಜರುಗಿದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನದ ಅಧ್ಯಕ್ಷತೆ ವಹಿಸಿದ ಅವರು, 1906ರಲ್ಲಿ ಲಿಂಗೈಕ್ಯರಾಗುವ ಮುನ್ನವೇ ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದಿಂದ ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿಟ್ಟರು. ಅವರ ಟ್ರಸ್ಟಿನ ನೆರವಿನಿಂದ ಓದಿದವರು ಅಸಂಖ್ಯ. ಕಾಲವಿರುವಾಗ ಬರೆದ ಕಾಗದ ಎಷ್ಟು ದೂರ ನಡೆಯಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೆಣ್ಣುಮಕ್ಕಳ ವಿಷಯವನ್ನು ಬಿಟ್ಟು ಈ ಮಾತು ಪೂರ್ಣವಾಗದು. ಮೇಲೆ ಹೇಳಿದ ಪ್ರಸಂಗದಲ್ಲಿ ಪಾಲು ಪಡೆದವನು ಒಬ್ಬ, ಪಾಲನೆ ಮಾಡಿದವಳು ಇನ್ನೊಬ್ಬಳು. 1994ರ ಜುಲೈ 30ರಿಂದಲೇ ನಮ್ಮ ರಾಜ್ಯವು ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ಕಾನೂನು ವಿವಾಹಿತರಿಗೂ ಅದನ್ನು ವಿಸ್ತರಿಸಿತು. ಬೆಳಗಾವಿಯ ನ್ಯಾಯಾಲಯದಲ್ಲಿಯೇ 1992ರಲ್ಲಿ ಮಗಳೊಬ್ಬಳು ಹೂಡಿದ ದಾವೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2015ರಲ್ಲಿ, 2005ರ ಆ ದಿನ ತಂದೆ ಬದುಕಿದ್ದರೆ ಮಾತ್ರ ಹೊಸ ಹಕ್ಕು ಎಂಬ ತೀರ್ಪಾಯಿತು. ‘ಪ್ರಕಾಶ ಮತ್ತು ಫುಲವತಿ’ ಎಂದು ಹೆಸರಾದ ಆ ತೀರ್ಪನ್ನು 2020ರ ಆಗಸ್ಟ್ 11ರಂದು ಅದೇ ನ್ಯಾಯಾಲಯ ತಳ್ಳಿಹಾಕಿ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ತಂದೆ ಆ ದಿನ ಬದುಕಿರಲೇಬೇಕೆಂದಿಲ್ಲ ಎಂದಿತು. ಹೀಗಿರುವಾಗ ನಾಗರ ಪಂಚಮಿಗೆ ತವರಿಗೆ ಬಂದ ಮಗಳನ್ನು ನೋಂದಣಿ ಕಚೇರಿಗೆ ಕರೆದೊಯ್ದು, ಒಂದು ಸೀರೆ ಕೊಟ್ಟು ಹಕ್ಕುಬಿಡುಗಡೆಗೆ ರುಜು ಹಾಕಿಸುವುದು ಶೋಭೆಯಲ್ಲ. ಆಕೆ ತಾನಾಗಿ ಬಿಟ್ಟುಕೊಟ್ಟರೆ ಅದು ಆಕೆಯ ದೊಡ್ಡತನ. ಆಗಲೂ ಆ ಪತ್ರದಲ್ಲಿ ತಂದೆತಾಯಿಗಳ ಪೋಟಗಿಯ ಹೊಣೆ ಯಾರದೆಂದು ಬರೆಯಿಸಿದ ಮೇಲೆಯೇ ಆಕೆ ರುಜು ಹಾಕಲಿ ಎಂದು ನಾವು ಹೇಳುತ್ತೇವೆ.

ಸೊಸೆಯಂದಿರನ್ನೂ ಇಲ್ಲಿ ನೆನೆಯಬೇಕು. ಹಾಸಿಗೆ ಹಿಡಿದ ಅತ್ತೆ ಮಾವಂದಿರ ಶುಶ್ರೂಷೆಯನ್ನು ಬಹುಪಾಲು ಮನೆಗಳಲ್ಲಿ ಮಾಡುವವರು ಅವರೇ. ಯಾವ ಕಾಗದದಲ್ಲಿಯೂ ಅವರ ಹೆಸರಿರುವುದಿಲ್ಲ. ಮೃತ್ಯುಪತ್ರ ಬರೆಯುವವರು ಸೇವೆ ಮಾಡಿದ ಸೊಸೆಗೆ ಒಂದು ತೊಲೆ ಬಂಗಾರವನ್ನೋ ಒಂದು ತುಂಡು ಭೂಮಿಯನ್ನೋ ಹೆಸರಿಟ್ಟು ಕೊಟ್ಟರೆ ತಪ್ಪೇನು? ಹಿರಿಯರ ಕಾಯಿದೆಯನ್ನು ಸೊಸೆಯನ್ನು ಬೀದಿಗೆ ಹಾಕುವ ಆಯುಧವನ್ನಾಗಿಯೂ ಮಾಡಿಕೊಳ್ಳಬಾರದು. ಬೆಂಗಳೂರಿನ ಒಂದು ಪ್ರಕರಣದಲ್ಲಿ 2020ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಮನೆಯಲ್ಲಿ ವಾಸಿಸುವ ಸೊಸೆಯ ಹಕ್ಕನ್ನೂ ಹಿರಿಯರ ಹಕ್ಕನ್ನೂ ಕೂಡಿಸಿ ತೂಗಬೇಕೆಂದು ಹೇಳಿದೆ.

‘ಮಕ್ಕಳ ಮುಂದೆ ಷರತ್ತು ಬರೆಯುವುದೆಂದರೆ ಅವರನ್ನು ನಂಬದಂತಾಗುವುದಿಲ್ಲವೇ?’ ಎಂದು ನಮ್ಮನ್ನು ಕೇಳುವವರಿದ್ದಾರೆ. ಮದುವೆಯಲ್ಲಿ ಹತ್ತು ಜನರ ಮುಂದೆ ಮಾತು ಕೊಡುವುದು ವರನ ಮೇಲಿನ ಅವಿಶ್ವಾಸದಿಂದಲ್ಲ. ಆಡಿದ ಮಾತಿಗೆ ಸಾಕ್ಷಿಯಿರಲೆಂದು. ಇದೂ ಹಾಗೆಯೇ. ಒಳ್ಳೆಯ ಮಗನಿಗೆ ಈ ಸಾಲಿನಿಂದ ನಷ್ಟವಿಲ್ಲ, ಏಕೆಂದರೆ ಅವನು ಹೇಗೂ ಅದನ್ನು ನಡೆಸುವವನೇ. ದುರ್ಬಲ ಮನಸ್ಸಿನ ಮಗನಿಗೆ ಅದು ಆಸರೆ; ಸಾಲಗಾರರು, ಪಾಲು ಕೇಳುವವರು ಬಂದಾಗ ‘ಇದು ಅವ್ವನ ಪಾಲು, ಇದನ್ನು ಮುಟ್ಟುವಂತಿಲ್ಲ’ ಎಂದು ಹೇಳಲು ಅವನಿಗೊಂದು ಬಲ ದೊರೆಯುತ್ತದೆ.

ನಾವೂ ಅರವತ್ತು ದಾಟಿ, ಕಾನೂನಿನ ಲೆಕ್ಕದಲ್ಲಿ ಹಿರಿಯ ನಾಗರಿಕರಾಗಿದ್ದೇವೆ. ನಮಗಿರುವುದು ಸ್ವಲ್ಪ ಹೊಲ, ಒಂದು ಮನೆ, ಒಂದಿಷ್ಟು ಪುಸ್ತಕ. ಹೋದ ಶ್ರಾವಣದಲ್ಲಿ ಮಕ್ಕಳನ್ನೂ ಸೊಸೆಯನ್ನೂ ಕೂಡಿಸಿಕೊಂಡು, ಅವರ ಮಾತನ್ನೂ ಕೇಳಿ, ಮೃತ್ಯುಪತ್ರವನ್ನು ಬರೆದು ನೋಂದಣಿ ಮಾಡಿಸಿದೆವು. ನಾವು ಮೊದಲು ಹೋದರೆ ಮನೆ ಮತ್ತು ಹೊಲದ ಉತ್ಪನ್ನ ನಮ್ಮ ಮನೆಯವರಿಗೆ, ಅವರು ಇರುವವರೆಗೆ. ಅನಂತರ ಮಗ ಮಗಳಿಗೆ ಸಮಪಾಲು ಎಂದು ಮೊದಲ ಕಲಮಿನಲ್ಲಿಯೇ ಬರೆದಿದೆ. ಓದಿ ಹೇಳಿದಾಗ ಮಗಳು ಕಣ್ಣೊರೆಸಿಕೊಂಡಳು. ಮಗನು, ಇನ್ನು ಹೊಲದ ಬಾವಿಯ ದುರಸ್ತಿಯನ್ನು ಧೈರ್ಯವಾಗಿ ಮಾಡಿಸಬಹುದು ಎಂದನು. ಮನೆಯಲ್ಲಿ ಯಾರ ಪ್ರೀತಿಯೂ ಕಡಿಮೆಯಾಗಲಿಲ್ಲ.

ಸುಗ್ಗಿ ಮುಗಿದ ಮೇಲೆ ನಮ್ಮ ಭಾಗದಲ್ಲಿ ವಾಟ್ನಿಯ ಮಾತುಗಳು ಏಳುವುದು ವಾಡಿಕೆ. ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ: ಬರೆಯುವವರ ಮುಂದೆ ಕುಳಿತಾಗ ಸರ್ವೆ ನಂಬರು ಹೇಳುವ ಮೊದಲು ತಾಯಿಯ ಹೆಸರು ಹೇಳಿರಿ, ತಂದೆಯ ಹೆಸರು ಹೇಳಿರಿ. ಅವರು ಎಲ್ಲಿ ಮಲಗುತ್ತಾರೆ, ಏನು ಉಣ್ಣುತ್ತಾರೆ, ಕಾಯಿಲೆಯ ವೆಚ್ಚ ಯಾರದು, ಯಾವ ಹೊಲದ ಉತ್ಪನ್ನದಿಂದ ಅದು ಬರಬೇಕು ಎಂಬ ನಾಲ್ಕು ಮಾತುಗಳನ್ನು ಬರೆಯಿಸಿರಿ. ಅವು ಕಾಗದದಲ್ಲಿ ಕೂತ ಮೇಲೆ ಅಣ್ಣತಮ್ಮಂದಿರು, ಅಕ್ಕತಂಗಿಯರು ತಮ್ಮ ತಮ್ಮ ಪಾಲುಗಳನ್ನು ಧಾರಾಳವಾಗಿ ಅಳೆದುಕೊಳ್ಳಲಿ.